ತಿಪ್ಪವ್ವನ ಜಾಗ

ತಿಪ್ಪವ್ವನ ಹೆಣ ಹೊತ್ತು ತಂದ ನಾಲ್ವರೂ ಗೇಟಿನ ಮುಂದೆ ನಿಂತುಬಿಟ್ಟರು. ಹಿಂದೆ ಬಂದ ಓಣಿಯ ಜನರೂ ನಿಂತರು. ಗೇಟಿಗೆ ಬೀಗ ಬಿದ್ದಿತ್ತು. ನಡುಮಧ್ಯಾಹ್ನದ ಬಿಸಿಲು. ಚಟ್ಟ ಇಳಿಸಬೇಕೋ ಬೇಡವೋ ತಿಳಿಯದೆ ಅವರು ಹೆಗಲು ಬದಲಿಸುತ್ತಿದ್ದರು.

"ಬೀಗ ತಗಿಯೋ ಬೀರಣ್ಣ," ಎಂದ ತಿಪ್ಪವ್ವನ ಗಂಡ ಸೋಮನಿಂಗ.

ಕಾವಲುಗಾರ ಬೀರಣ್ಣನೂ ಅದೇ ಓಣಿಯವನು. ತಲೆ ತಗ್ಗಿಸಿದ. "ಹೆಣ ಒಳಗ ಬಿಡಬ್ಯಾಡ ಅಂದಾರ ಕಾಕಾ. ಇದು ಈಗ ಗಾರ್ಡನ್ ಐತಿ. ಸಾಹೇಬ್ರಿಗೆ ಫೋನ್ ಹಚ್ಚೇನಿ."

ಹೋದ ವರ್ಷದವರೆಗೆ ಅದು ಕುರಿಗಾರರ ಓಣಿಯ ಸುಡುಗಾಡು. ಜಾಲಿ ಬೆಳೆದು, ಹಂದಿ ನುಗ್ಗಿ ಹಾಳು ಬಿದ್ದಿತ್ತು. ನಲವತ್ತು ವರ್ಷ ಅಲ್ಲಿ ಹೆಣ ಹೂಳುವ ಕುಣಿ ತೋಡಿದವನು ಸೋಮನಿಂಗ. ಪುರಸಭೆಯ ಇಂಜಿನಿಯರ್ ಸಿದ್ದಲಿಂಗ ಕಾಗದ ತಂದು, "ಕಂಪೌಂಡ್ ಕಟ್ಟಸ್ತೀವಿ, ಹೆಬ್ಬೆಟ್ಟು ಒತ್ತು" ಎಂದಾಗ ಒತ್ತಿದ. ಮನೆಮನೆ ತಿರುಗಿ ಉಳಿದವರಿಂದಲೂ ಒತ್ತಿಸಿದ. ಜಾಲಿಯನ್ನೂ ತಾನೇ ಕಡಿದ. ಗೋಡೆ ಎದ್ದ ಮೇಲೆ ಜೆಸಿಬಿ ಬಂತು, ಹುಲ್ಲು ಬಂತು, ಜೋಕಾಲಿ ಬಂತು. ಓಣಿಯವರು ಕೇಳಲು ಹೋದರೆ, "ಹಿಂದಿನ ಮೂಲಿ ನಿಮಗs ಬಿಟ್ಟೀವಿ" ಎಂದು ಸಾಗಹಾಕಿದ್ದರು.

ಸಿದ್ದಲಿಂಗನ ಜೀಪು ಬಂತು. ಅವನು ಹೆಣದ ಕಡೆ ನೋಡಲಿಲ್ಲ.

"ಗುಡ್ಡದ ಕಡೆ ಹೊಸಾ ಜಾಗ ಕೊಟ್ಟೀವಲ್ಲ, ಅಲ್ಲಿ ಒಯ್ರಿ."

"ಅಲ್ಲಿ ಬರೇ ಕಲ್ಲ ಐತ್ರಿ. ಗೇಣು ತೋಡೂದ್ರಾಗ ಕಬ್ಬಿಣದ ಹಾರಿ ಬಗ್ಗತೈತಿ. ಹಿಂದಿನ ಮೂಲಿ ನಮಗ ಬಿಟ್ಟೀವಿ ಅಂದಿದ್ರೆಲ್ಲ?" ಎಂದ ಸೋಮನಿಂಗ.

"ಒಪ್ಪಿದವರು ನೀವs. ಮೊದಲನೇ ಹೆಬ್ಬೆಟ್ಟು ನಿಂದs ಐತಿ ನೋಡು."

ಸಿದ್ದಲಿಂಗ ಕಾಗದ ಚಾಚಿದ. ಸೋಮನಿಂಗನ ಮಗಳು ಮಾಲಾ ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದಿದಳು: "ಮೂವತ್ತು ವರ್ಷಗಳಿಂದ ಇಲ್ಲಿ ಯಾರನ್ನೂ ಹೂತಿರುವುದಿಲ್ಲ. ಈ ಜಾಗ ನಮಗೆ ಬೇಕಾಗಿಲ್ಲ."

ಎಲ್ಲರೂ ಸೋಮನಿಂಗನತ್ತ ತಿರುಗಿದರು. ಯಾರೋ ಹಿಂದಿನಿಂದ ಉಗುಳಿದರು. ಅವನು ಜನರತ್ತ ಕೈ ಮುಗಿದ.

"ಗ್ವಾಡಿ ಕಟ್ಟಸ್ತೇವಿ ಅಂದ್ರು. ನನಗ ಓದಾಕ ಬರಂಗಿಲ್ಲ. ನಿಮ್ಮ ಕೈಲೆ ಒತ್ತಿಸಿದ್ದು ನನ್ನ ತಪ್ಪು. ಆದ್ರ ಇಲ್ಲಿ ಯಾರ‍್ಯಾರು ಎಲ್ಲೆಲ್ಲಿ ಅದಾರ ಅನ್ನೂದು ನನಗ ಗೊತ್ತೈತಿ."

ಮುದುಕಿ ರುಕ್ಮವ್ವ ಮುಂದೆ ಬಂದಳು. "ನನ್ನ ಮಗ ಎಲ್ಲಿ ಅದಾನೋ?"

"ಜೋಕಾಲಿ ಕೆಳಗ, ಯವ್ವಾ."

ಅವಳು ಗೇಟು ಹಿಡಿದು ಅಲ್ಲಾಡಿಸತೊಡಗಿದಳು. ಬೀರಣ್ಣ ಮೆಲ್ಲಗೆ ಕೇಳಿದ: "ಕಾಕಾ, ನಮ್ಮಪ್ಪ?"

ಸೋಮನಿಂಗ ಗೇಟಿನ ಸಂದಿಯಿಂದ ಒಳಗೆ ಕೈ ತೋರಿಸಿದ. "ದಿನಾ ನೀ ಕುರ್ಚಿ ಹಾಕ್ಕೊಂಡು ಕುಂದ್ರತಿ ನೋಡು, ಅಲ್ಲೇ ಅದಾನಪ್ಪ."

ಬೀರಣ್ಣ ಹಿಂತಿರುಗಿ ಆ ಕುರ್ಚಿಯನ್ನು ನೋಡಿದ. ಜೇಬಿಗೆ ಕೈ ಹಾಕಿದ.

"ಕೀಲಿ ತಗದ್ರ ನಾಳಿಂದ ನಿನ್ನ ನೌಕರಿ ಇಲ್ಲ!" ಸಿದ್ದಲಿಂಗ ಕೂಗಿದ.

"ಇರಲಿ ಬಿಡ್ರಿ," ಎಂದು ಬೀರಣ್ಣ ಬೀಗ ತೆಗೆದ.

ಹೆಣ ಒಳಗೆ ಹೋಯಿತು. ಸೋಮನಿಂಗ ಒಬ್ಬೊಬ್ಬರ ಕೈ ಹಿಡಿದು ಜಾಗ ತೋರಿಸಿದ. ಕಾರಂಜಿಯ ಬದಿ, ಬೆಂಚಿನ ಕೆಳಗೆ, ಕಲ್ಲು ಹಾಸಿದ ದಾರಿಯ ನಡುವೆ. ತೋರಿಸಿದಲ್ಲಿ ಜನ ಕೂತರು. ಹೆಂಗಸರು ಅಂಗೈಯಿಂದ ಹುಲ್ಲು ಸವರಿದರು. ಕೊನೆಗೆ ಅವನು ಹಿಂದಿನ ಮೂಲೆಗೆ ಹೋಗಿ ತಿಪ್ಪವ್ವನಿಗೆ ಮೊದಲ ಗುದ್ದಲಿ ಹಾಕಿದ.

ಸಿದ್ದಲಿಂಗ ಕರೆಸಿದ ಪೊಲೀಸರು ಬಂದಾಗ ನಲವತ್ತು ಜನ ಹುಲ್ಲಿನ ಮೇಲೆ ಕೂತಿದ್ದರು.

"ಎಬ್ಬಸ್ರಿ ಇವರನ್ನ," ಎಂದ ಸಿದ್ದಲಿಂಗ.

ರುಕ್ಮವ್ವ ಜೋಕಾಲಿಯ ಕಂಬ ಬಿಗಿಯಾಗಿ ಹಿಡಿದುಕೊಂಡಳು. "ಮೊದಲ ಕೆಳಗಿನವರನ್ನ ಎಬ್ಬಸ್ರಿ. ಆಮ್ಯಾಲೆ ನಾವು ಏಳ್ತೇವಿ."

ಪೊಲೀಸರು ತಮ್ಮ ಕಾಲ ಕೆಳಗಿನ ಹುಲ್ಲು ನೋಡಿದರು. ಮೂಲೆಯಲ್ಲಿ ಸೋಮನಿಂಗ ತಲೆ ಎತ್ತದೆ ತೋಡುತ್ತಿದ್ದ. ಕುಣಿ ಇನ್ನೂ ಮೊಣಕಾಲಿನಷ್ಟೇ ಆಳವಾಗಿತ್ತು.