ಮೋಟಾರಿಗೆ ಕಟ್ಟಿದ ತಿದಿ

ಯಾವ ಯಂತ್ರ ಕಂಡರೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ನೋಡದ ಹೊರತು ಕೋಲಾರದ ಕಮ್ಮಾರ ಲಿಯಾಖತ್‌ಗೆ ಅನ್ನ ಇಳಿಯುತ್ತಿರಲಿಲ್ಲ. ಅಂಥವನ ಕುಲುಮೆಯ ಮುಂದೆ, ಮೂವತ್ತೆಂಟನೆಯ ಇಸವಿಯ ಮುಂಗಾರಿಗೆ ಮುಂಚೆ, ರೇಷ್ಮೆ ವ್ಯಾಪಾರಿ ಚನ್ನರಾಯಪ್ಪ ತನ್ನ ಮುದಿ ಮೋರಿಸ್ ಕಾರನ್ನು ತಂದು ನಿಲ್ಲಿಸಿದ. ಶೋಕಿಗೆ ಮೋಟಾರು ಓಡಿಸುವ ನಾಲ್ಕೈದು ಮಂದಿ ಬರುವ ಭಾನುವಾರ ಮುಳಬಾಗಿಲಿನ ತನಕ ಪಂದ್ಯ ಕಟ್ಟಿದ್ದರು.

"ದಿಬ್ಬ ಬಂದ್ರೆ ಸಾಕು, ಏದುಸಿರು ಬಿಡ್ತದೆ ಕಣೋ. ವಿಲಾಯ್ತಿ ಕಡೆ ರೇಸಿನ ಕಾರಿಗೆ ಸೂಪರ್‌ಚಾರ್ಜರ್ ಅಂತ ಹಾಕ್ತಾರಂತೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬ್ತದಂತೆ."

"ತಿದಿ ಅನ್ನಿ ಅಣ್ಣಾ," ಎಂದ ಲಿಯಾಖತ್. ಅವನ ಕಣ್ಣು ಆಗಲೇ ಕುಲುಮೆಯ ಪಕ್ಕದ ಬ್ಲೋವರ್ ಮೇಲಿತ್ತು. ಅವನಪ್ಪ ಗಣಿಯ ಗುಜರಿಯಿಂದ ತಂದದ್ದು ಅದು. ಹಿಡಿ ತಿರುಗಿಸಿದರೆ ಒಳಗೆ ಇಂಗ್ಲಿಷ್ ಎಂಟರ ಆಕಾರದ ಎರಡು ಉಕ್ಕಿನ ತುಂಡುಗಳು ಒಂದಕ್ಕೊಂದು ತಗಲದೆ ಸುತ್ತಿ ಗಾಳಿ ನೂಕುತ್ತಿದ್ದವು.

ಮಗ ಅದನ್ನು ಕಿತ್ತು ಕಾರಿಗೆ ಕಟ್ಟಲು ಹೊರಟದ್ದು ಕಂಡು ತಾಯಿ ಮುನ್ನೀ ಬೀ ಹಣೆ ಚಚ್ಚಿಕೊಂಡಳು. "ಮಳೆ ಬಿದ್ದ ಮಾರನೇ ದಿನ ಕ್ಯಾಲನೂರಿನವರು ನೇಗಿಲ ಗುಳ ತಟ್ಟಿಸೋಕೆ ಬರ್ತಾರೆ. ಗಾಳಿ ಇಲ್ದೆ ಕಬ್ಬಿಣ ಕಾಯ್ತದೇನೋ? ಒಂದ್ಸಲ ಬೇರೆ ಕುಲುಮೆಗೆ ಹೋದ್ರೆ ಈ ಕಡೆ ತಲೆ ಹಾಕಲ್ಲ."

"ಭಾನುವಾರ ಆಗ್ಲಿ ಅಮ್ಮಿ, ವಾಪಸ್ ಕೂರಿಸ್ತೀನಿ."

ಕಮ್ಮಾರನ ಬುದ್ಧಿ ಎಲ್ಲಿಗೆ ಹೋದೀತು! ಬೆಂಕಿಗೆ ಊದುವಂತೆಯೇ ಅವನು ಬ್ಲೋವರಿನ ಬಾಯನ್ನು ನೇರವಾಗಿ ಕಾರ್ಬ್ಯುರೇಟರಿಗೆ, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಬಟ್ಟಲಿಗೆ ಇಟ್ಟ. ಬೆಲ್ಟ್ ಕಟ್ಟಿ ಇಂಜಿನ್ ಚಾಲೂ ಮಾಡಿದರೆ ಅದು ಎರಡು ಸಲ ಕೆಮ್ಮಿ ಸತ್ತಿತು. ಎಷ್ಟು ಸಲ ಎಬ್ಬಿಸಿದರೂ ಅದೇ ಕಥೆ.

ಜಗಲಿಯಲ್ಲಿ ಹುಕ್ಕಾ ಸೇದುತ್ತಿದ್ದ ಚಿಕ್ಕಪ್ಪ ರಹಮತ್ತುಲ್ಲಾನಿಗೆ ನಗು ತಡೆಯಲಾಗಲಿಲ್ಲ. ನಳಿಕೆ ಬಾಯಲ್ಲಿದ್ದಂತೆಯೇ ಜೋರಾಗಿ ನಕ್ಕುಬಿಟ್ಟ. ಉಸಿರು ನಳಿಕೆಯೊಳಗೆ ನುಗ್ಗಿ, ಹುಕ್ಕಾದ ನೀರು ಮೇಲೇರಿ, ಚಿಲುಮೆಯ ಕೆಂಡ ಚುಂಯ್ ಎಂದು ಆರಿತು.

ಲಿಯಾಖತ್ ಅದನ್ನೇ ನೋಡುತ್ತ ನಿಂತ. ಕುಲುಮೆಗೆ ಊದಬೇಕು, ಹುಕ್ಕಾವನ್ನು ಎಳೆಯಬೇಕು. ತಾನು ಊದಿದ ಗಾಳಿ ಪೆಟ್ರೋಲನ್ನು ಬಂದ ದಾರಿಯಲ್ಲೇ ಹಿಂದಕ್ಕಟ್ಟುತ್ತಿದೆ!

"ಚಾಚಾ, ನೀವು ನಕ್ಕಿದ್ದು ಒಳ್ಳೇದಾಯ್ತು!"

ಕಾರ್ಬ್ಯುರೇಟರನ್ನು ಮುಂದಿಟ್ಟು, ಬ್ಲೋವರನ್ನು ಅದರ ಹಿಂದೆ, ಇಂಜಿನ್ನಿಗೂ ಅದಕ್ಕೂ ನಡುವೆ ಕೂರಿಸಿದ. ಈಗ ಬ್ಲೋವರ್ ಪೆಟ್ರೋಲು ಬೆರೆತ ಗಾಳಿಯನ್ನು ತಾನೇ ಎಳೆದುಕೊಂಡು ಇಂಜಿನ್ನಿಗೆ ಒತ್ತಿತು. ಮುದಿ ಮೋರಿಸ್ ಹೂಂಕರಿಸಿತು. ಲಿಯಾಖತ್‌ಗೆ ಕುಣಿಯುವಷ್ಟು ಖುಷಿಯಾಯಿತು.

ಶನಿವಾರ ಸಂಜೆ ಮಳೆ ಸುರಿಯಿತು. ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಕ್ಯಾಲನೂರಿನ ರೈತರು ಗುಳ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಲಿಯಾಖತ್ ಪಾನಾ ಹಿಡಿದು ಕಾರಿನ ಬಳಿ ಹೋದ. ನಟ್ಟು ಬಿಚ್ಚಲು ಕೈ ಬರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಬಿಡೋ ಅದನ್ನ," ಎಂದಳು ಮುನ್ನೀ ಬೀ. ಅಟ್ಟದ ಮೇಲಿದ್ದ ಗಂಡನ ಹಳೆಯ ಚರ್ಮದ ತಿದಿ ಅವಳ ಕೈಯಲ್ಲಿತ್ತು. ಮೊದಲ ಹನಿ ಬಿದ್ದಾಗಲೇ ಇಳಿಸಿ, ಎಣ್ಣೆ ಹಚ್ಚಿ ಮೆದು ಮಾಡಿಟ್ಟಿದ್ದಳು. "ಚಾಚಾ ತಟ್ತಾರೆ, ನಾನು ಒತ್ತೀನಿ. ನೀನು ಹೋಗು."

ಲಿಯಾಖತ್ ಚನ್ನರಾಯಪ್ಪನ ಪಕ್ಕದಲ್ಲಿ ಹತ್ತಿ ಕೂತ. ಸಮತಟ್ಟಿನಲ್ಲಿ ಮೋರಿಸ್ ಹಿಂದೆ ಬಿತ್ತು. ದಿಬ್ಬ ಬಂದದ್ದೇ ತಡ, ಎರಡು ಹೊಸ ಕಾರುಗಳನ್ನು ದಾಟಿಕೊಂಡು ಹತ್ತಿತು. ಆಚೆ ಇಳಿಯುವಾಗ ಬೆಲ್ಟ್ ಹರಿಯಿತು, ಕೊನೆಯವರಾಗಿ ಮುಳಬಾಗಿಲು ಸೇರಿದರು. ಚನ್ನರಾಯಪ್ಪ ಮಾತ್ರ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ ವಾಪಸ್ ಬರುವ ದಾರಿಯುದ್ದಕ್ಕೂ ಆ ದಿಬ್ಬದ ಮಾತನ್ನೇ ಆಡಿದ.

ಸಂಜೆ ಅದೇ ಕಾರಿನಲ್ಲಿ ಮನೆಗೆ ಬಂದಾಗ ಮುನ್ನೀ ಬೀಯ ಅಂಗೈ ತುಂಬ ಬೊಬ್ಬೆ. ರೈತರೆಲ್ಲ ಗುಳ ತಟ್ಟಿಸಿಕೊಂಡು ಹೋಗಿದ್ದರು. ಗೆದ್ದವರು ಯಾರೆಂದು ಅವಳು ಕೇಳಲಿಲ್ಲ.

"ದಿಬ್ಬದಲ್ಲಿ ಉಸಿರು ಕಟ್ತೇನೋ?"

"ಇಲ್ಲ ಅಮ್ಮಿ."

ಅವಳು ಬಾನೆಟ್ಟಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದಳು.

"ನಾಳೆ ಇದನ್ನ ಕಿತ್ತು ಕುಲುಮೆಗೆ ಕೂರಿಸು," ಎಂದಳು. "ಅದಕ್ಕೆ ಮುಂಚೆ ಬೆಲ್ಟ್ ಹಾಕಿ, ನನ್ನನ್ನೂ ಒಂದ್ಸಲ ಆ ದಿಬ್ಬ ಹತ್ತಿಸು."