ಬೋರ್ಡಿಗೆ ಬೇಕಾದ ತಲೆ

ಕಟಿಂಗ್ ಶಾಪಿಗೆ ಹೊಸ ಬೋರ್ಡು ಹಾಕಿಸುವುದೆಂದು ತೀರ್ಮಾನವಾದದ್ದೇ ತಡ, ಬೋರ್ಡು ಬರೆಯುವವನು ಅಣ್ಣತಮ್ಮಂದಿರಿಬ್ಬರನ್ನೂ ಒಮ್ಮೆ ನೋಡಿ ಅಣ್ಣನ ಕಡೆ ಬೆರಳು ಮಾಡಿದ. "ನಾಡಿದ್ದು ಬಂದು ನಿಮ್ಮ ಫೋಟೋ ತೆಗೀತೀನಿ. ಬೋರ್ಡಿಗೆ ಇಂಥ ತಲೆ ಇರ್ಬೇಕು ನೋಡಿ!"

ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ ಪುಣ್ಯಾತ್ಮ. ಹನ್ನೆರಡು ವರ್ಷದಿಂದ ಎರಡನೇ ಕುರ್ಚಿಯ ಹಿಂದೆ ನಿಂತು ಕತ್ತರಿ ಆಡಿಸಿದವನು ತಮ್ಮ. ಕೈಚಳಕದಲ್ಲಿ ಅಣ್ಣನಿಗಿಂತ ಒಂದು ಕೈ ಮೇಲೇ. ಆದರೇನು, ಮೂವತ್ತೆರಡು ತುಂಬುವಷ್ಟರಲ್ಲಿ ನೆತ್ತಿ ಮಿಂಚತೊಡಗಿತ್ತು. ಅಣ್ಣನಿಗೆ ನಲವತ್ತು; ಬಾಚಣಿಗೆ ಸಿಕ್ಕಿಕೊಳ್ಳುವಷ್ಟು ಕೂದಲು. ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿ ಇದೆಂಥ ಅನ್ಯಾಯ! ಹೊಸ ಗಿರಾಕಿಗಳು ತಮ್ಮನ ಕುರ್ಚಿ ಖಾಲಿಯಿದ್ದರೂ "ಪರವಾಗಿಲ್ಲ, ಕಾಯ್ತೀವಿ" ಎಂದು ಪೇಪರು ಹಿಡಿದು ಕೂರುತ್ತಿದ್ದರು. ಇನ್ನು ಬೋರ್ಡಿನ ಮೇಲೂ ಅಣ್ಣನದೇ ತಲೆ ಬಂದರೆ ತನ್ನ ಕುರ್ಚಿಗೆ ನೊಣವೂ ಬರುವುದಿಲ್ಲ ಎಂದು ತಮ್ಮನ ಹೊಟ್ಟೆ ಉರಿಯಿತು.

ಅಂದು ಶೇವಿಂಗಿಗೆ ಬಂದ ಚರ್ಮದ ಡಾಕ್ಟರನ್ನು ಕೇಳಿಯೇಬಿಟ್ಟ. "ಡಾಕ್ಟ್ರೇ, ಇಪ್ಪತ್ತೈದರವರೆಗೂ ಕೂದಲು ಚೆನ್ನಾಗೇ ಇತ್ತು. ಮೂವತ್ತಕ್ಕೇ ಯಾಕೆ ಶುರುವಾಯ್ತು?"

"ಮೂವತ್ತಕ್ಕೆ ಶುರುವಾಗಿದ್ದಲ್ಲಪ್ಪ ಅದು," ಎಂದರು ಡಾಕ್ಟರು ನೊರೆಯೊಳಗಿಂದಲೇ. "ಕೆಲವರ ಕೂದಲ ಬುಡ ಹುಟ್ಟುವಾಗಲೇ ಹಾಗಿರುತ್ತೆ. ಮೀಸೆ ಬರಿಸೋ ಹಾರ್ಮೋನು ಬಂದಾಗಿಂದ್ಲೇ ಆ ಬುಡ ಸೊರಗೋಕೆ ಶುರು. ಪ್ರತಿ ಸಲ ಉದುರಿ ಹುಟ್ಟುವಾಗ್ಲೂ ಕೂದಲು ಇನ್ನಷ್ಟು ಸಣ್ಣ, ಇನ್ನಷ್ಟು ಗಿಡ್ಡ. ಕಣ್ಣಿಗೆ ಬೀಳೋಕೆ ಹತ್ತು ಹದಿನೈದು ವರ್ಷ ಹಿಡಿಯುತ್ತೆ, ಅಷ್ಟೆ."

"ಹಾಗಾದ್ರೆ ಅಣ್ಣನಿಗ್ಯಾಕಿಲ್ಲ?"

"ಅಪ್ಪ ಅಮ್ಮನಿಂದ ಬರೋದು ಎಲ್ಲ ಮಕ್ಕಳಿಗೂ ಒಂದೇ ಥರ ಬರಲ್ಲಪ್ಪ."

ಮರುದಿನ ಅಂಗಡಿಗೆ ವಾರದ ರಜೆ. ರಜೆಯ ದಿನ ಬಾಗಿಲನ್ನು ಅರ್ಧ ಎಳೆದುಕೊಂಡು ಅಣ್ಣತಮ್ಮ ಒಬ್ಬರಿಗೊಬ್ಬರು ಕೂದಲು ಕತ್ತರಿಸಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ಇಬ್ಬರೂ ಬೇರೆಯವರ ಕೈಗೆ ತಲೆ ಕೊಟ್ಟವರೇ ಅಲ್ಲ.

"ಕಿವಿ ಪಕ್ಕ ಸ್ವಲ್ಪ ಸಣ್ಣ ಮಾಡು ಸಾಕು. ನಾಳೆ ಫೋಟೋ ಅಲ್ವಾ," ಎಂದು ಅಣ್ಣ ಬಟ್ಟೆ ಹೊದ್ದು ಕೂತು, ಏನೋ ಗುನುಗತೊಡಗಿದ.

ಆ ಗುನುಗುವುದನ್ನು ಕೇಳಿ ತಮ್ಮನ ಮೈಯೆಲ್ಲ ಉರಿದುಹೋಯಿತು. ಕೂದಲು ಕತ್ತರಿಸುವ ಮಷಿನ್ನಿನ ಬಾಯಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಬಾಚಣಿಗೆಯನ್ನು ಮೆಲ್ಲಗೆ ಕಿತ್ತು ಜೇಬಿಗಿಳಿಸಿದ. ಅದಿಲ್ಲದಿದ್ದರೆ ಮಷಿನ್ನು ಚರ್ಮದವರೆಗೂ ಬೋಳಿಸುತ್ತದೆ. ಮರೆತೆ ಅಂದರಾಯಿತು, ಕೆಲಸ ಕಲಿಯುವಾಗ ಎಲ್ಲರೂ ಒಂದು ದಿನ ಮರೆತವರೇ. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಕಿವಿಯ ಪಕ್ಕದಿಂದ ನೆತ್ತಿಯವರೆಗೆ ಒಂದೇ ಸಲ ಎಳೆದುಬಿಟ್ಟ.

"ಅಯ್ಯಯ್ಯೋ! ಬಾಚಣಿಗೆ ಸಿಕ್ಕಿಸೋದೇ ಮರೆತುಬಿಟ್ಟೆ ಅಣ್ಣಾ!"

ಅಣ್ಣ ಕೂಗಾಡಲಿಲ್ಲ. "ನಿನ್ನ ಜೇಬಲ್ಲಿದೆ ನೋಡು," ಎಂದ.

ಎದುರು ಗೋಡೆಗೂ ಕನ್ನಡಿ, ಹಿಂದಿನ ಗೋಡೆಗೂ ಕನ್ನಡಿ. ಹನ್ನೆರಡು ವರ್ಷ ಆ ಕನ್ನಡಿಗಳ ನಡುವೆಯೇ ನಿಂತವನಿಗೆ ಹೊಟ್ಟೆಕಿಚ್ಚಿನಲ್ಲಿ ಅದೊಂದು ಹೊಳೆದಿರಲಿಲ್ಲ.

"ನೋಡಿದವನು ಎದ್ದುಬಿಡಬಾರದಿತ್ತಾ?" ಎಂದ ತಮ್ಮ.

"ನೀನೇ ನಿಲ್ಲಿಸ್ತೀಯ ಅಂದ್ಕೊಂಡೆ ಕಣೋ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ತಮ್ಮನಿಗೆ.

"ಯಾವಾಗಿಂದ ಈ ಹೊಟ್ಟೆಕಿಚ್ಚು? ಬೋರ್ಡಿನ ಮಾತು ಬಂದಾಗಿಂದಲಾ?"

"ಮೀಸೆ ಬಂದಾಗಿಂದ," ಎಂದ ತಮ್ಮ ತಲೆ ತಗ್ಗಿಸಿ. "ಕಣ್ಣಿಗೆ ಬಿದ್ದಿದ್ದು ಈಗ."

ಅಣ್ಣ ಬೋಳಾದ ಪಟ್ಟಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡ. "ಸರಿ, ಉಳಿದದ್ದನ್ನೂ ತೆಗಿ. ಇದೇ ಕೊನೆ. ಇನ್ಮೇಲೆ ನಾನು ಬೇರೆ ಕಡೆ ಮಾಡಿಸ್ಕೋತೀನಿ."

ತಮ್ಮ ಕಣ್ಣೊರೆಸಿಕೊಂಡು ಪೂರ್ತಿ ಬೋಳಿಸಿದ. ಕುತ್ತಿಗೆ ಒರೆಸಿ, ಅಭ್ಯಾಸಬಲದಿಂದ ಕೈಗನ್ನಡಿಯನ್ನು ಹಿಂದೆ ಹಿಡಿದು ತೋರಿಸಿದ. ಹಾಳಾದ್ದು, ಬೋಳು ತಲೆಯೂ ಅಣ್ಣನಿಗೆ ಒಪ್ಪಿತ್ತು. ಇಷ್ಟೆಲ್ಲ ಆದ ಮೇಲೂ ತಮ್ಮನ ಹೊಟ್ಟೆ ಮತ್ತೆ ಚುರ್ ಎಂದು ಉರಿಯಿತು.