ಉರಿಯದ ಕೈ

೨೦೦೪ರ ಚಳಿಗಾಲದ ಹೊತ್ತಿಗೆ ನಮ್ಮವ್ವ ಹೊಳಿಯವ್ವನ ಬಲಗೈ ಮೇಲೆ ಮಾಸಲು ಕೆಂಪು ಮಚ್ಚೆ ಎದ್ದು ವರ್ಷದ ಮೇಲಾಗಿತ್ತು. ನೆರೆಮನೆಯವರು ಹುಳುಕಡ್ಡಿ ಎಂದರು. ಬ್ಯಾಡಗಿಯ ಡಾಕ್ಟರೊಬ್ಬರು ಮೆಣಸಿನಕಾಯಿಯ ಅಲರ್ಜಿ ಎಂದು ಮುಲಾಮು ಕೊಟ್ಟರು. ದಿನವಿಡೀ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸಿಗೆ ಮೈಮೇಲೆ ಏನೆದ್ದರೂ ಎಲ್ಲರೂ ಬೈಯುವುದು ಮೆಣಸಿನಕಾಯಿಯನ್ನೇ.

ಸಂಜೆಯಾದರೆ ಜೊತೆಯವರೆಲ್ಲ ಉರಿಯುವ ಕೈಗೆ ಎಣ್ಣೆ ಸವರಿಕೊಂಡು ಗೋಳಾಡುವರು. ಅವ್ವ ಬಲಗೈ ತೋರಿಸಿ ನಗುವಳು. “ನನ್ನ ಕೈ ಪಳಗೈತಿ ನೋಡ್ರಿ. ಉರಿ ಅನ್ನೂದ ಗೊತ್ತಾಗಂಗಿಲ್ಲ.” ನಮಗೂ ಅದೊಂದು ಹೆಮ್ಮೆ. ಆ ಹೆಮ್ಮೆಗಿಷ್ಟು ಬೆಂಕಿ ಹಾಕ!

ಚೊಚ್ಚಲ ಹೆರಿಗೆಗೆಂದು ನಾನು ರಾಣೆಬೆನ್ನೂರಿನಿಂದ ತವರಿಗೆ ಬಂದಿದ್ದೆ. ಕೂಸಿಗೆ ನೀರೆರೆಯುವವಳು ಅವ್ವನೇ. ಅವತ್ತು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಬಕೆಟ್ಟಿಗೆ ಕೈ ಅದ್ದಿ “ಹದಾ ಐತಿ” ಎಂದಳು. ಟವೆಲ್ಲು ಕೊಡಲು ಬಗ್ಗಿದ ನನ್ನ ಬೆರಳಿಗೆ ಆ ನೀರು ತಾಗಿ ಚುರ್ರೆಂದಿತು. ಅವ್ವನ ಕೈ ಇನ್ನೂ ಒಳಗೇ ಇತ್ತು.

ಕೂಸನ್ನು ಕಸಿದುಕೊಂಡೆ. “ಅವ್ವಾ, ಕೈ ತಗೀ! ನೀರು ಸುಡಾಕತ್ತಾವು!”

ಕೆಂಪಾದ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಳು.

ಮರುದಿನ ಹಾವೇರಿಯ ಚರ್ಮದ ಡಾಕ್ಟರು ಅವ್ವನ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಅಲ್ಲಲ್ಲಿ ಪೆನ್ನಿನ ತುದಿ ಮುಟ್ಟಿಸಿದರು. ಅವಳಿಗೆ ಒಂದೂ ತಿಳಿಯಲಿಲ್ಲ. ಮೊಣಕೈಯ ನರ ಒತ್ತಿ ನೋಡಿ, ಕುಷ್ಠ ಎಂದರು. ಬಿಡದೆ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ, ಗುಳಿಗೆ ಪುಕ್ಕಟೆ ಸಿಗುತ್ತದೆ, ದೂರ ಇಡಬೇಕಾಗಿಲ್ಲ ಎಂದೆಲ್ಲ ಹೇಳುತ್ತಿದ್ದರು. ನನಗೆ ಕೂಸಿನದೊಂದೇ ಚಿಂತೆ.

“ಅವ್ವ ಕೂಸಿನ್ನ ಎತ್ಕೋಬಹುದೇನ್ರಿ?” ಎಂದು ಮತ್ತೆ ಮತ್ತೆ ಕೇಳಿದೆ.

“ಧಾರಾಳ ಎತ್ಕೊಳ್ಳಲಿ. ಬಿಸಿನೀರು ಮಾತ್ರ ನೀವು ನೋಡ್ರಿ.”

ಮನೆಗೆ ಬಂದವಳೇ ಅವ್ವ ತನ್ನ ತಾಟು, ಚಾಪೆಯನ್ನು ಹಿತ್ತಲ ಬಾಗಿಲಿಗೆ ಒಯ್ದಳು. “ನಿನ್ನ ಅತ್ತಿಮನ್ಯಾಗ ಗೊತ್ತಾದ್ರ ನಿನ್ನ ಬಾಳೇ ಹಾಳಾಕ್ಕೈತಿ. ಕೂಸಿನ್ನ ಕರಕೊಂಡು ಲಗೂ ಹೋಗಿಬಿಡು, ನಿರ್ಮಲಾ.”

ಬೆಳಿಗ್ಗೆ ನಾನೇ ನೀರು ಬೆರೆಸಿದೆ. ಕೈ ಅದ್ದಿ ನೋಡಿದೆ. ನಂಬಿಕೆ ಸಾಲದೆ ಇನ್ನೊಮ್ಮೆ ನೋಡಿದೆ.

“ಬಾ ಅವ್ವಾ, ಕಾಲು ಚಾಚು.”

“ನಿನಗ ಅಂಜಿಕಿ ಇಲ್ಲೇನು?”

“ಐತಿ,” ಎಂದೆ. ಆದರೂ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿ, ತಂಬಿಗೆ ಹಿಡಿದು ಪಕ್ಕದಲ್ಲಿ ಕೂತೆ.

ಅವ್ವ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯೊಂದರಿಂದಲೇ ಕೂಸಿನ ಮೈ ಉಜ್ಜತೊಡಗಿದಳು. ನಾನು ಆ ಬಲಗೈಯನ್ನು ಸೆರಗಿನಿಂದ ಬಿಡಿಸಿ, ಕೂಸಿನ ತಲೆಯ ಕೆಳಗಿಟ್ಟೆ.